ಅಮ್ಮನಿಲ್ಲದ ಮೊದಲ ಜಾತ್ರೆ: ರೊಟ್ಟಿ ಒಲೆ ಹೂಡಬೇಕಾ, ಬೇಡವಾ?

ಹಿರೇಹಳ್ಳದ ಮೊಮ್ಮಗಳು:

ಎಲ್ಲರಿಗೂ ಶರಣು.

ನಮ್ಮ ಅಮ್ಮ ಹೋದ ಮಾಘದಲ್ಲಿ ತೀರಿಕೊಂಡಳು. ನಮ್ಮ ಕಡೆ ಅಜ್ಜಿಗೆ ಅಮ್ಮ ಅಂತಾರೆ, ತಾಯಿಗೆ ಅವ್ವ. ದೂರದ ಜಿಲ್ಲೆಯವರೂ ಇಲ್ಲಿ ಓದುತ್ತಾರಲ್ವಾ, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಊರು ಕೊಪ್ಪಳದಿಂದ 9 ಕಿಲೋಮೀಟರ್, ಹಿರೇಹಳ್ಳದ ದಂಡೆಗೆ. ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ನಮ್ಮ ಓಣಿಯ ರೊಟ್ಟಿ ಹೋಗುವುದು ನಮ್ಮ ಮನೆ ಅಂಗಳದಿಂದಲೇ. ಎಂಟು ಒಲೆ ಹೂಡುತ್ತಾರೆ. ಓಣಿಯ ಹೆಣ್ಣುಮಕ್ಕಳೆಲ್ಲ ಪರಾತ, ಹಂಚು ಹೊತ್ತುಕೊಂಡು ಬರುತ್ತಾರೆ. ಮೂರು ದಿನ ಬಡಿದು, ಕಡಕ್ ಆಗುವ ಹಾಗೆ ಒಣಗಿಸಿ, ಬುಟ್ಟಿಗೆ ತುಂಬಿ, ಮೇಲೆ ಬಿಳಿ ಅರಿವೆ ಮುಚ್ಚಿ, ಟ್ರ್ಯಾಕ್ಟರಿನಲ್ಲಿ ಭಜನೆ ಮಾಡುತ್ತ ಮಠಕ್ಕೆ ಒಯ್ಯುತ್ತಾರೆ. ನಾನು ಹುಟ್ಟುವ ಮೊದಲಿಂದಲೂ ಹೀಗೇ ನಡೆದು ಬಂದಿದೆ. ಅಮ್ಮ ಮುಂದೆ ನಿಂತು ಮಾಡಿಸುತ್ತಿದ್ದಳು. ಕೊನೆಯ ವರ್ಷವೂ ಎಂಟರಲ್ಲಿ ಒಂದು ಒಲೆ ಅವಳದೇ.

ಈ ಸಲ ತೇರು ಬೇಗ ಬಂದಿದೆ. ಪುಷ್ಯ ಬಹುಳ ಬಿದಿಗೆ ಜನವರಿ ಮೊದಲ ವಾರದಲ್ಲೇ ಬೀಳುತ್ತದೆ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಮುಗಿದ ಕೂಡಲೇ ಒಲೆ ಹೂಡಬೇಕು. ಮನೆಯಲ್ಲಿ ಎರಡು ಮಾತು ಆಗಿದೆ. ವರ್ಷದ ಕಾರ್ಯ ಆಗದೆ ನಮ್ಮ ಅಂಗಳದಲ್ಲಿ ಒಲೆ ಬೇಡ ಅಂತ ಕಾಕಾ. ಹೂಡದಿದ್ದರೆ ಅಮ್ಮನ ಜೀವಕ್ಕೆ ಸಮಾಧಾನ ಆಗಲ್ಲ ಅಂತ ಅವ್ವ. ನಾನು ಬೆಂಗಳೂರಿನಲ್ಲಿ ಕೂತು ಇಬ್ಬರ ಫೋನನ್ನೂ ಕೇಳುತ್ತಿದ್ದೇನೆ.

ಅಮ್ಮನನ್ನು ಬಲ್ಲವರು ಇಲ್ಲಿ ಸುಮಾರು ಜನ ಇದ್ದೀರಿ. ನೀವು ಏನಂತೀರಿ? ಅವಳ ಬಗ್ಗೆ ನಿಮಗೆ ಗೊತ್ತಿರುವುದನ್ನೂ ಬರೆಯಿರಿ. ನಮಗೆ ಗೊತ್ತಿದ್ದವಳು ಮನೆಯೊಳಗಿನ ಅಮ್ಮ ಮಾತ್ರ. ಬೆಳಗಿನ ನಾಲ್ಕಕ್ಕೆ ಎದ್ದು, ಮಿಂದು, ಹಣೆತುಂಬ ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತಳೆಂದರೆ ನಾವು ಮಕ್ಕಳು ಪಿಸುಗುಡುತ್ತಲೂ ಇರಲಿಲ್ಲ. ಪೂಜೆ ಮುಗಿಸಿ ಹೊಸ್ತಿಲು ದಾಟಿದ ಮೇಲೆ ಯಾರ್ಯಾರ ಮನೆಗೆ ಹೋಗಿ ಏನೇನು ಮಾಡುತ್ತಿದ್ದಳೋ, ಅದು ಅವಳು ಹೋದಮೇಲೆ ಮಾತನಾಡಿಸಲು ಬಂದವರ ಬಾಯಿಂದಲೇ ನಮಗೆ ತಿಳಿದದ್ದು.

ಓಣಿಯ ಸೊಸೆ:

ತಂಗಿ, ನಾನು ನಿಮ್ಮ ಮನೆಯಿಂದ ಮೂರನೇ ಮನೆ. ಗುರುತು ಹಿಡಿದಿರಬೇಕು.

ನನ್ನ ತವರು ತೀರ್ಥಹಳ್ಳಿ ಕಡೆ. ನಮ್ಮಲ್ಲಿ ಅಕ್ಕಿ ರೊಟ್ಟಿ. ಮದುವೆಯಾಗಿ ಇಲ್ಲಿಗೆ ಬಂದಾಗ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಹಾಗೆ ಜಿಗುಟು ಇಲ್ಲ. ತಟ್ಟಿದರೆ ಅಂಚು ಒಡೆಯುತ್ತಿತ್ತು, ಎತ್ತಿದರೆ ಹರಿಯುತ್ತಿತ್ತು. ಅತ್ತೆ ಬೈಯುತ್ತಿರಲಿಲ್ಲ. ಆದರೂ ಹಿತ್ತಲಿಗೆ ಹೋಗಿ ಅಳುತ್ತಿದ್ದೆ. ಒಂದು ದಿನ ಅಮ್ಮ ಅದನ್ನು ನೋಡಿದರು. ಏನೂ ಕೇಳಲಿಲ್ಲ, ಕೈ ಹಿಡಿದು ಕರೆದುಕೊಂಡು ಹೋಗಿ ತಮ್ಮ ಒಲೆ ಮುಂದೆ ಕೂರಿಸಿದರು.

ಎಸರು ಕೊತಕೊತ ಕುದಿಯಬೇಕು ಅಂದರು. ಹಿಟ್ಟಿನ ನಡುವೆ ಗುಂಡಿ ಮಾಡಿ ಆ ಸುಡುನೀರು ಹುಯ್ಯಬೇಕು. ಆ ಬಿಸಿಗೇ ಜೋಳಕ್ಕೆ ಜಿಗುಟು ಬರುವುದು. ಕೈ ಸುಡುತ್ತದೆ ಅಂತ ನೀರು ಆರಿಸಿದರೆ ರೊಟ್ಟಿ ಒಡೆಯುವುದೇ. ಒಂದು ರೊಟ್ಟಿಗಾಗುವಷ್ಟೇ ಹಿಟ್ಟು ತೆಗೆದುಕೊಂಡು ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ಬಡಿಯುವಾಗ ರೊಟ್ಟಿ ತಾನೇ ತಿರುಗಬೇಕು, ನಾವು ತಿರುಗಿಸಬಾರದು. ಹಂಚಿಗೆ ಹಾಕಿದ ಮೇಲೆ ಒಣ ಹಿಟ್ಟು ಮೆತ್ತಿದ ಮಗ್ಗುಲಿಗೆ ಒದ್ದೆ ಅರಿವೆ ಸವರಬೇಕು.

ಇಪ್ಪತ್ತು ದಿನ ಕಲಿಸಿದರು. ನನ್ನ ಹರಿದ ರೊಟ್ಟಿಗಳನ್ನೆಲ್ಲ ತಾವೇ ತಿಂದರು. "ಇವು ನನ್ನ ಪಾಲು. ದುಂಡನ್ನವು ದಾಸೋಹದ ಪಾಲು" ಅನ್ನುತ್ತಿದ್ದರು. ಆ ವರ್ಷ ಜಾತ್ರೆಗೆ ನನಗೂ ಒಂದು ಒಲೆ ಕೊಟ್ಟರು. ಈಗ ನನ್ನ ಮಗಳಿಗೂ ಬಡಿಯಲು ಬರುತ್ತದೆ.

ಹೂಡಬೇಕಾ ಅಂತ ಕೇಳಿದ್ದೀರಿ. ನಿಮ್ಮ ಮನೆಯವರ ಮಾತಿಗೆ ನಾನು ಅಡ್ಡ ಬರಲ್ಲ. ನನ್ನ ಕೈಯಂತೂ ಆಗಲೇ ತುಡಿಯುತ್ತಿದೆ.

ಅಳವಂಡಿ ಮೇಷ್ಟ್ರು:

ನನಗೀಗ 74. ನಿಮ್ಮೂರ ಶಾಲೆಯಲ್ಲಿ ಹನ್ನೊಂದು ವರ್ಷ ಇದ್ದೆ. ಆ ತಾಯಿಯ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇನೋ ಲೆಕ್ಕವಿಲ್ಲ. ಮೊಮ್ಮಕ್ಕಳಿಗೆ ಗೊತ್ತಿರಲಿ ಅಂತ ಹಳೆಯದನ್ನು ಬರೆಯುತ್ತೇನೆ. ಅವರೇ ನನಗೆ ಹೇಳಿದ್ದು.

"ರಜಾಕಾರರ ಗಲಾಟಿಯೊಳಗ ಹುಟ್ಟಿದಾಕಿ ನಾನು" ಅನ್ನುತ್ತಿದ್ದರು. ಅಂದರೆ 1948, ನಿಜಾಮರ ಪರದ ಖಾಸಗಿ ಪಡೆಯಾದ ರಜಾಕಾರರ ಹಾವಳಿಯ ಕಾಲ. ಆಗ ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಪಕ್ಕದ ಮುಂಡರಗಿ ಮುಂಬೈ ಪ್ರಾಂತದ್ದು. ನಮ್ಮ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ ಶಿಬಿರ ನಡೆಸಿ ನಿಜಾಮರ ವಿರುದ್ಧ ಹೋರಾಡಿದ್ದು ಆಗಲೇ. ಹೆದರಿದ ಎಷ್ಟೋ ಮನೆಗಳವರು ಗಾಡಿ ಕಟ್ಟಿಕೊಂಡು ಗಡಿ ದಾಟುತ್ತಿದ್ದರು. ಅಮ್ಮನ ತಾಯಿ ತುಂಬು ಬಸುರಿ. ಗಾಡಿಯಲ್ಲಿ ಹೋಗುತ್ತಿರುವಾಗಲೇ ನೋವು ಬಂತು. ದಾರಿಯಲ್ಲಿ ಸಿಕ್ಕ ಊರಿನ ಒಬ್ಬ ಹೆಣ್ಣುಮಗಳು ಅವರನ್ನು ಮನೆಯೊಳಗೆ ಕರೆದುಕೊಂಡಳು. ಹೆರಿಗೆ ಮಾಡಿಸಿದಳು. ತಿಂಗಳುಗಟ್ಟಲೆ ತಾಯಿಗೂ ಕೂಸಿಗೂ ಎಣ್ಣೆ ನೀರು ಹಾಕಿ ಬಾಣಂತನ ಮಾಡಿದಳು. ಆ ಗದ್ದಲದಲ್ಲಿ ಆಕೆಯ ಹೆಸರನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಸೆಪ್ಟೆಂಬರ್ 17ಕ್ಕೆ ನಿಜಾಮರ ಆಡಳಿತ ಮುಗಿಯಿತು. ಇವರು ಕೂಸು ಎತ್ತಿಕೊಂಡು ಊರಿಗೆ ಬಂದರು.

ಐದು ವರ್ಷಕ್ಕೆ ಮತ್ತೆ ಗಾಡಿ ಹೂಡಬೇಕಾಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಗೆ ನೀರು ನಿಂತಿತು. ಹಿನ್ನೀರಿನಲ್ಲಿ ಅವರ ಊರು ಮುಳುಗಿತು. ಸಾಮಾನು ಹೇರಿದ ಗಾಡಿಯಲ್ಲಿ ಕೂರಲು ಜಾಗವಿಲ್ಲದೆ ಐದು ವರ್ಷದ ಹುಡುಗಿಯನ್ನು ಬೀಸುವ ಕಲ್ಲಿನ ಮೇಲೆ ಕೂರಿಸಿದ್ದರಂತೆ. ಮುಂದೆ ಮದುವೆಯಾದಾಗ ಅದೇ ಕಲ್ಲನ್ನು ಬಳುವಳಿ ಕೊಟ್ಟರು. ನಿಮ್ಮ ಪಡಸಾಲೆಯ ಮೂಲೆಯಲ್ಲಿ ಇರುವುದು ಆ ಕಲ್ಲೇ.

ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಹಳೇ ಊರಿನ ಹನುಮಪ್ಪನ ಗುಡಿಯ ಕಟ್ಟೆ ಹೊರಗೆ ಕಾಣುತ್ತದೆ. ಒಂದು ವರ್ಷ ನಾನೂ ಅವರ ಜೊತೆ ಹೋಗಿದ್ದೆ. ಕೆಸರು ಒಣಗಿ ಬಿರಿದಿತ್ತು. ಕಾಯಿ ಒಡೆದರು. ಇಲ್ಲಿ ನಮ್ಮ ಮನಿ, ಇಲ್ಲಿ ದನದ ಕೊಟ್ಟಿಗಿ ಅಂತ ಕಾಲಿನಿಂದ ಗೆರೆ ಎಳೆದು ತೋರಿಸಿದರು. ಆಮೇಲೆ ಅಲ್ಲೇ ಕೂತು ಬುತ್ತಿ ಬಿಚ್ಚಿ, ಮೀನು ಹಿಡಿಯುವವರ ಮಕ್ಕಳನ್ನೆಲ್ಲ ಕರೆದು ರೊಟ್ಟಿ ಹಂಚಿದರು. "ನಮ್ಮ ಮನೀಗೆ ಬಂದವರು ಹಾಂಗ ಹೋಗಬಾರದು" ಅಂದರು.

ಅಮ್ಮನ ಕಿರಿಯ ಮಗ:

ಮಗಳೇ, ಮನೆಯ ಮಾತನ್ನು ಊರ ಮುಂದೆ ಇಟ್ಟೆ. ಇರಲಿ, ನನ್ನ ಮಾತನ್ನೂ ಹೇಳುತ್ತೇನೆ.

ಹೆತ್ತ ತಾಯಿ ಹೋದ ವರ್ಷ ಯಾರೂ ಹಬ್ಬ ಮಾಡುವುದಿಲ್ಲ. ಪಂಚಮಿಗೆ ನಾವು ಉಂಡಿ ಕಟ್ಟಲಿಲ್ಲ. ದೀಪಾವಳಿಗೆ ಹೋಳಿಗೆ ಮಾಡಲಿಲ್ಲ. ಹಾಗಿರುವಾಗ ಅಂಗಳದಲ್ಲಿ ಎಂಟು ಒಲೆ ಹೂಡಿ, ಭಜನೆ ಹೇಳಿ, ಟ್ರ್ಯಾಕ್ಟರಿಗೆ ಹೂವು ಕಟ್ಟುವುದು ಸರಿ ಕಾಣುತ್ತದಾ? ಮಠಕ್ಕೆ ರೊಟ್ಟಿ ಮುಟ್ಟಬೇಕು, ಅಷ್ಟೇ ಅಲ್ವಾ? ಖಾನಾವಳಿಯವರಿಗೆ ಹೇಳಿದರೆ ಎಷ್ಟು ಬೇಕಾದರೂ ಮಾಡಿ ಕೊಡುತ್ತಾರೆ. ದುಡ್ಡು ನಾನು ಕೊಡುತ್ತೇನೆ. ಮಾಘದಲ್ಲಿ ವರ್ಷದ ಕಾರ್ಯಕ್ಕೆ ಊರಿಗೆಲ್ಲ ಊಟ ಹಾಕಿಸೋಣ. ಮುಂದಿನ ವರ್ಷದಿಂದ ಮೊದಲಿನ ಹಾಗೆ ನಡೆಯಲಿ.

ಅಳವಂಡಿ ಮೇಷ್ಟ್ರು:

ತಮ್ಮಾ, ನಿನಗೆ ಅಕ್ಷರ ತಿದ್ದಿಸಿದವನು ಅನ್ನುವ ಸಲಿಗೆಯಿಂದ ಹೇಳುತ್ತೇನೆ. ಜನನ, ಮರಣ, ಮುಟ್ಟು, ಎಂಜಲು, ಜಾತಿ. ಈ ಐದೂ ಸೂತಕಗಳನ್ನು ಬಸವಾದಿ ಶರಣರು ಒಪ್ಪಲಿಲ್ಲ. ನಿನ್ನ ತಾಯಿ ಇದನ್ನು ಓದಿದವರಲ್ಲ. ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಹಚ್ಚಿದಾಗ ಕಂಬಕ್ಕೆ ಒರಗಿ ಕೂತು ಕೇಳಿದವರು. ಕೇಳಿದ್ದನ್ನು ಮನೆಗೆ ಬಂದು ನಡೆಸಿದವರು. 2009ರಲ್ಲಿ ನಿನ್ನ ತಂದೆ ತೀರಿದ್ದು ಜಾತ್ರೆಗೆ ಹದಿನೈದು ದಿನ ಇರುವಾಗ. ಆ ವರ್ಷ ಒಲೆ ಹೂಡಿದರೋ ಇಲ್ಲವೋ, ನೀನೇ ಹೇಳು.

ಪ್ರಸಾದ ನಿಲಯದ ಹುಡುಗ:

ನನ್ನೂರು ಕುಷ್ಟಗಿ ತಾಲ್ಲೂಕು. ಹೈಸ್ಕೂಲು, ಪಿಯುಸಿ ಗವಿಮಠದ ಪ್ರಸಾದ ನಿಲಯದಲ್ಲಿ ಇದ್ದು ಓದಿದೆ. ಮನೆಯಲ್ಲಿ ಓದಿಸುವ ಶಕ್ತಿ ಇರಲಿಲ್ಲ. ಮಠ ಇರದಿದ್ದರೆ ನಾನು ಅಪ್ಪನ ಜೊತೆ ದುಡಿಯಲು ಗೋವಾಕ್ಕೆ ಹೋಗಿರುತ್ತಿದ್ದೆ.

ಅಮ್ಮ ಪ್ರತಿ ಅಮಾಸಿಗೆ ಮಠಕ್ಕೆ ನಡೆದುಕೊಂಡು ಬರುತ್ತಿದ್ದರು. 9 ಕಿಲೋಮೀಟರ್ ಅಂತ ಇವತ್ತೇ ಗೊತ್ತಾಯಿತು. ಗದ್ದುಗೆಗೆ ನಮಸ್ಕಾರ ಮಾಡಿ, ಹಿಂದಿರುಗುವಾಗ ನಮ್ಮ ಕಡೆ ಬರುತ್ತಿದ್ದರು. ಚೀಲದಲ್ಲಿ ಗುರೆಳ್ಳು ಪುಡಿ, ಶೇಂಗಾ ಹಿಂಡಿ. ನಿಲಯದಲ್ಲಿ ಊಟಕ್ಕೆ ಏನೂ ಕೊರತೆ ಇರಲಿಲ್ಲ, ಹೊಟ್ಟೆ ತುಂಬ ಇರುತ್ತಿತ್ತು. ಆದರೆ ಮನೆ ಬಿಟ್ಟು ಬಂದ ಹದಿಮೂರು ವರ್ಷದ ಹುಡುಗನಿಗೆ ಗುರೆಳ್ಳು ಪುಡಿ ವಾಸನೆ ಮೂಗಿಗೆ ಬಂದರೆ ಗಂಟಲು ಕಟ್ಟುತ್ತದೆ. ಹೊಸ ಹುಡುಗ ಕಂಡರೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ. "ನಿಮ್ಮವ್ವನ ಹೆಸರೇನಪಾ?" ಅಪ್ಪನ ಹೆಸರಿಲ್ಲ, ಯಾವ ಮಂದಿ ಅಂತಿಲ್ಲ. ಮುಂದಿನ ಅಮಾಸಿಗೆ ಬಂದಾಗ ನಮ್ಮವ್ವನ ಹೆಸರು ಹಿಡಿದು, ಆಕೆಯ ಮಗ ಎಲ್ಲಿ ಅಂತಲೇ ಕೂಗುತ್ತಿದ್ದರು.

2019ರಲ್ಲಿ ಸ್ವಾಮೀಜಿ ಹಿರೇಹಳ್ಳ ಸ್ವಚ್ಛ ಮಾಡಲು ತಾವೇ ನೀರಿಗೆ ಇಳಿದಾಗ ನಾವು ಹಳೇ ವಿದ್ಯಾರ್ಥಿಗಳೂ ಹೋಗಿದ್ದೆವು. 20 ಕಿಲೋಮೀಟರಿಗಿಂತ ಜಾಸ್ತಿ ಉದ್ದದ ಹಳ್ಳ. ಜಾಲಿ, ಜೇಕು, ಹೂಳು. ಒಂದು ಮಧ್ಯಾಹ್ನ ದಂಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತ ಮುದುಕಿ ನನ್ನ ಅವ್ವನ ಹೆಸರು ಕೂಗಿದಳು. ಹತ್ತು ವರ್ಷ ಆಗಿತ್ತು. ಮೈಯೆಲ್ಲ ಕೆಸರಾಗಿತ್ತು. ಆದರೂ ಗುರುತು ಹಿಡಿದಿದ್ದರು.

ಈಗ ತೋರಣಗಲ್ಲಿನಲ್ಲಿ ಕೆಲಸದಲ್ಲಿದ್ದೇನೆ. ಕಾಕಾ, ದುಡ್ಡು ಕೊಟ್ಟು ರೊಟ್ಟಿ ತರಿಸಬಹುದು, ನಿಜ. ನಾನೂ ಕೊಡಬಲ್ಲೆ. ಆದರೆ ಮನಸ್ಸು ಒಪ್ಪುತ್ತಿಲ್ಲ.

ಲಿಂಗಸೂಗೂರಿನ ಜೋಳದವನು:

ಆ ತಾಯಿ ನನ್ನ ಹತ್ತಿರವೇ ಜೋಳ ತರಿಸುತ್ತಿದ್ದರು. ಎರೆ ಹೊಲದ ಹಿಂಗಾರಿ ಬಿಳಿಜೋಳ, ಮಾಲದಂಡಿಯೇ ಬೇಕು. ಬೇರೆ ಜೋಳದ ರೊಟ್ಟಿ ಮೂರು ದಿನಕ್ಕೆ ಚರ್ಮದ ಹಾಗೆ ಆಗುತ್ತದೆ, ದಾಸೋಹಕ್ಕೆ ಬಂದವರ ಹಲ್ಲಿಗೆ ನೋವಾಗಬಾರದು ಅನ್ನುತ್ತಿದ್ದರು. ಗೃಹಲಕ್ಷ್ಮಿ ದುಡ್ಡು ಬರಲು ಶುರುವಾದ ಮೇಲೆ ಆ 2,000ದಲ್ಲಿ ಒಂದಿಷ್ಟು ತಿಂಗಳು ತಿಂಗಳು ಎತ್ತಿಟ್ಟು ಜೋಳಕ್ಕೆ ಕಳಿಸುತ್ತಿದ್ದರು.

ಒಂದು ವರ್ಷ ನನಗೆ ಬೆಳೆ ಚೆನ್ನಾಗಿ ಬಂತು. ಅವರು ಕೇಳಿದ್ದು ಒಂದು ಚೀಲ. ನಾನು ಎರಡು ಕಳಿಸಿ, ಒಂದು ನನ್ನ ಸೇವೆ ಅಂದೆ. ಮರುದಿನ ಅದೇ ಟ್ರ್ಯಾಕ್ಟರಿನಲ್ಲಿ ಎರಡನೇ ಚೀಲ ವಾಪಸ್ ಬಂತು. ನನಗೆ ಬೇಜಾರಾಯಿತು. ಫೋನ್ ಮಾಡಿದೆ. "ನಿಮ್ಮೂರ ಕಡೆ ಲಕ್ಕಮ್ಮ ಏನು ಮಾಡಿದಳು, ನಿನಗ ಗೊತ್ತಿಲ್ಲೇನು?" ಅಂದರು.

ಗೊತ್ತಿಲ್ಲದೆ ಏನು! ಆಯ್ದಕ್ಕಿ ಲಕ್ಕಮ್ಮ ನಮ್ಮ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದವಳು. ಗಂಡ ಮಾರಯ್ಯ ದಿನದ ಲೆಕ್ಕಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮದಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂದವಳು. ನನ್ನ ಊರಿನ ಕಥೆಯನ್ನು ಕೊಪ್ಪಳದ ಮುದುಕಿ ನನಗೆ ನೆನಪಿಸಿದರು. "ಓಣಿಯವರು ಬಡಿಯುವಷ್ಟು ಸಾಕು. ನಿನ್ನ ಸೇವೆ ನಿನ್ನ ಮನಿಯಾಗ ಬಡಿದು ಕಳಸು" ಅಂದರು. ಆ ವರ್ಷದಿಂದ ನಮ್ಮ ಮನೆಯಲ್ಲೂ ಜಾತ್ರೆಗೆ ರೊಟ್ಟಿ ಬಡಿಯುತ್ತಾರೆ.

ಅಲಾಯಿ ಕಟ್ಟೆ ಹತ್ತಿರದ ಮನೆ:

ಅಸ್ಸಲಾಮು ಅಲೈಕುಂ, ಶರಣು ಎಲ್ಲರಿಗೂ. ಮೇಷ್ಟ್ರು ಬರೆದಿದ್ದನ್ನು ಓದಿ ಕೈ ನಡುಗುತ್ತಿದೆ. ಯಾಕೆ ಅಂತ ಹೇಳುತ್ತೇನೆ.

ನನ್ನ ಮೊದಲ ಹೆರಿಗೆ ಆದಾಗ ನನ್ನ ತಾಯಿ ಇರಲಿಲ್ಲ. ಅತ್ತೆಗೆ ಪಾರ್ಶ್ವವಾಯು. ದವಾಖಾನೆಯಿಂದ ಮನೆಗೆ ಬಂದ ಮರುದಿನ ಅಮ್ಮ ಬಂದರು. ಯಾರೂ ಕರೆದಿರಲಿಲ್ಲ. ಹೊಲಿಗೆ ಒಣಗುವವರೆಗೆ ನನಗೆ ಬರೀ ಮೈ ಒರೆಸಿ, ಆಮೇಲೆ ಎಣ್ಣೆ ಹಚ್ಚಿ ನೀರು ಹಾಕಿದರು. ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ತಿಕ್ಕಿ, ಎರೆದು, ಲೋಬಾನದ ಹೊಗೆ ಹಾಕಿ, ಬಟ್ಟೆಯಲ್ಲಿ ಸುತ್ತಿ ನನ್ನ ಮಗ್ಗುಲಿಗೆ ಮಲಗಿಸಿ ಹೋಗುತ್ತಿದ್ದರು. ಮೂರು ತಿಂಗಳು. ಒಂದು ದಿನವೂ ತಪ್ಪಲಿಲ್ಲ. ಎರಡನೇ ಕೂಸಿಗೂ ಹಾಗೇ. ನಮ್ಮ ಊರಿನಲ್ಲಿ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳುತ್ತೀರಿ.

ಸೀರೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಸಾಲ ಐತವ್ವಾ, ತೀರಸಾಕತ್ತೀನಿ" ಅಂದರು. ಯಾರ ಸಾಲ ಅಂತ ಆಗ ತಿಳಿಯಲಿಲ್ಲ. ಇವತ್ತು ಮೇಷ್ಟ್ರು ಬರೆದ ಮೇಲೆ ತಿಳಿಯಿತು.

ಮೊಹರಂನಲ್ಲಿ ಅಲಾಯಿ ದೇವರು ಕೂತಾಗ ಮೊದಲು ಸಕ್ಕರೆ ಓದಿಸುವವರಲ್ಲಿ ಅಮ್ಮ ಒಬ್ಬರು. ಚೊಂಗೆ ಅಂತ ಸಿಹಿ ರೊಟ್ಟಿ ಮಾಡಿಕೊಂಡು ಬರುತ್ತಿದ್ದರು. ನಾವು ಮೂರು ಮನೆಯ ಹೆಣ್ಣುಮಕ್ಕಳು ಅವರ ರೊಟ್ಟಿ ಒಲೆಗಳಿಗೆ ಹಿಟ್ಟು ಜರಡಿ ಹಿಡಿಯಲು ಹೋಗುತ್ತಿದ್ದೆವು. ಈ ಸಲವೂ ಬರುತ್ತೇವೆ, ಕರೆದರೆ.

ದೊಡ್ಡ ಮಗಳು:

ಬರೆಯುತ್ತಿರುವವನು ನನ್ನ ಮಗ. ಮಾತು ನನ್ನದು.

ಎಲ್ಲರೂ ಒಳ್ಳೆಯದು ಬರೆದಿದ್ದೀರಿ. ಓದಿಸಿ ಕೇಳಿ ಹೊಟ್ಟೆ ತಣ್ಣಗಾಯಿತು. ನಾನು ಬರೆಸುವುದು ಬೇರೆ. ಇದನ್ನು ಬಿಟ್ಟರೆ ನಮ್ಮವ್ವನ ಅರ್ಧ ಬಾಳನ್ನು ಬಿಟ್ಟ ಹಾಗೆ.

1980ರಲ್ಲಿ ನನ್ನ ಮದುವೆ ಮಾಡಿದರು. ನನಗೆ ಹದಿಮೂರು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು, ಅವ್ವನ ಮದುವೆಯೂ ಹದಿನೈದಕ್ಕೇ ಆಗಿತ್ತು. ನನಗೆ ಶಾಲೆ ಇಷ್ಟ ಇತ್ತು. ಏಳನೇ ಇಯತ್ತೆಯಲ್ಲಿದ್ದೆ. ಹೋಗಲ್ಲ ಅಂತ ಬೀಸುವ ಕಲ್ಲಿನ ಗೂಟ ಹಿಡಿದುಕೊಂಡು ಕೂತಿದ್ದೆ. ಅವ್ವನೇ ಬಂದು ನನ್ನ ಬೆರಳು ಬಿಡಿಸಿದಳು. ಹದಿನೈದಕ್ಕೆ ಮೊದಲ ಹೆರಿಗೆ. ಕೂಸು ಉಳಿಯಲಿಲ್ಲ. ನಾನು ಉಳಿದದ್ದೇ ಹೆಚ್ಚು ಅಂದರು.

ಅವ್ವ ನನ್ನ ಮುಂದೆ ಯಾವತ್ತೂ ತಪ್ಪಾಯಿತು ಅನ್ನಲಿಲ್ಲ. ನಾನೂ ಕೇಳಲಿಲ್ಲ. ಬಾಳ ವರ್ಷ ನನಗೆ ಸಿಟ್ಟಿತ್ತು. ತವರಿಗೆ ಹೋದರೂ ಅವಳ ಪೂಜೆಯ ಹೊತ್ತಿಗೆ ನಾನು ಹೊರಗೆ ಹೋಗಿ ಕೂರುತ್ತಿದ್ದೆ. ಕೂಸಿನ ಜೀವಕ್ಕೆ ಆಗದ ದೇವರು ನನಗೆ ಯಾಕೆ ಅಂತ ಅನ್ನಿಸುತ್ತಿತ್ತು. ಅವಳು ನನ್ನನ್ನು ಒಳಗೆ ಕರೆಯಲಿಲ್ಲ. ಪೂಜೆ ಮುಗಿಸಿ ಬಂದು ನನ್ನ ಪಕ್ಕ ಸುಮ್ನೆ ಕೂರುತ್ತಿದ್ದಳು.

ಆದರೆ ಆಮೇಲೆ ಊರಿನಲ್ಲಿ ಎಲ್ಲಿ ಚಿಕ್ಕ ಹುಡುಗಿಯ ಮದುವೆ ಮಾತು ಎದ್ದರೂ ರಾತ್ರಿ ಹೊತ್ತು ಆ ಮನೆಗೆ ಹೋಗುತ್ತಿದ್ದಳು. ಹಗಲು ಹೋದರೆ ಅವರ ಮರ್ಯಾದೆ ಹೋಗುತ್ತದೆ ಅಂತ ರಾತ್ರಿ. ಹೋಗಿ ನನ್ನ ಕಥೆ ಹೇಳುತ್ತಿದ್ದಳಂತೆ. "ನಾನು ಬೆರಳು ಬಿಡಿಸಿದೆ, ನೀವು ಬಿಡಿಸಬ್ಯಾಡ್ರಿ" ಅಂತ. ನನ್ನ ಮುಂದೆ ಹೇಳದ ಮಾತನ್ನು ಊರ ಮನೆಮನೆಗೆ ಹೋಗಿ ಹೇಳಿದ್ದಳು. ಇದು ನನಗೆ ಗೊತ್ತಾದದ್ದು ಅವಳನ್ನು ಮಣ್ಣು ಮಾಡಿದ ದಿನ. ಒಬ್ಬ ಹುಡುಗಿ ಬಂದು ನನ್ನ ಕಾಲು ಹಿಡಿದು ಹೇಳಿದಳು. ಅವಳು ಈಗ ಡಿ.ಎಡ್ ಮುಗಿಸಿದ್ದಾಳೆ.

ಕೊನೆ ಕೊನೆಗೆ ಅವ್ವನ ಫೋನಿನಲ್ಲಿ ನನ್ನ ಮಗನಿಂದ ಒಂದು ನಂಬರು ಕಲಿತಿದ್ದಳು, 1098. ಮಕ್ಕಳ ಸಹಾಯವಾಣಿ. ಅಕ್ಷರ ಬರದವಳು ಆ ನಾಲ್ಕು ಅಂಕಿ ಮಾತ್ರ ಒತ್ತುತ್ತಿದ್ದಳು. ಮಾತು ಕೇಳದ ಮನೆಯವರಿಗೆ ಹುಡುಗಿಗೆ 18 ಆಗಲಿ, ಇಲ್ಲದಿದ್ದರೆ ಒತ್ತುತ್ತೇನೆ ಅಂತ ಫೋನು ತೋರಿಸುತ್ತಿದ್ದಳಂತೆ. ಎರಡು ಸಲ ಒತ್ತಿದ್ದಾಳೆ. ಒಂದು ಮನೆಯವರು ಇವತ್ತಿಗೂ ನಮ್ಮ ಮನೆಯವರ ಜೊತೆ ಮಾತಾಡಲ್ಲ.

ಒಲೆಯ ವಿಷಯ ತಮ್ಮ ಏನು ಹೇಳುತ್ತಾನೋ ಹಾಗೆ ಆಗಲಿ.

ಮಂಡ್ಯದ ಓದುಗ:

ನಾನು ನಿಮ್ಮ ಕಡೆಯವನಲ್ಲ. ಜಾತ್ರೆ, ರೊಟ್ಟಿ ಯಾವುದನ್ನೂ ನೋಡಿಲ್ಲ. ಎಲ್ಲ ಓದಿದೆ. ಅಕ್ಕಾ, ನಿಮ್ಮ ಮಾತು ಬರೆಸಿದ್ದಕ್ಕೆ ಕೈ ಮುಗಿಯುತ್ತೇನೆ.

ಗಂಗಾವತಿ ನರ್ಸ್:

ಒಂದು ಮಾತು ಯಾರೂ ಬರೆದಿಲ್ಲ. ಅಮ್ಮ ನೇತ್ರದಾನ ಮಾಡಿದ್ದಾರೆ. ನಾನು ಅವರ ತಮ್ಮನ ಮೊಮ್ಮಗಳು, ಆ ರಾತ್ರಿ ಅಲ್ಲೇ ಇದ್ದೆ.

ಒಂದು ವರ್ಷ ಜಾತ್ರೆಯಲ್ಲಿ ನೇತ್ರದಾನದ ಜಾಗೃತಿ ನಡಿಗೆ ಇತ್ತು. ಅದನ್ನು ನೋಡಿ ಬಂದವರೇ ಹೆಬ್ಬೆಟ್ಟು ಒತ್ತಿದ್ದರು. ಆದರೆ ಸತ್ತಮೇಲೆ ಮನೆಯವರು ಒಪ್ಪದಿದ್ದರೆ ಯಾವ ಹೆಬ್ಬೆಟ್ಟೂ ನಡೆಯುವುದಿಲ್ಲ. ಕಾಕಾ ಮೊದಲು ಒಪ್ಪಲಿಲ್ಲ. ನಮ್ಮಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು ಸಮಾಧಿ ಮಾಡುತ್ತಾರೆ. ಕಣ್ಣಿಲ್ಲದೆ ಲಿಂಗ ಹೇಗೆ ನೋಡುತ್ತಾಳೆ ಅಂದರು. ಹೆಚ್ಚು ಹೊತ್ತು ಇರಲಿಲ್ಲ, ಆರು ಗಂಟೆಯೊಳಗೆ ತೆಗೆಯಬೇಕು. ದೊಡ್ಡತ್ತೆಯೇ, ಅಂದರೆ ಮೇಲೆ ಬರೆಸಿದ ದೊಡ್ಡ ಮಗಳೇ, ಹೋಗಿ ಕಾಕಾನ ಪಕ್ಕ ಕೂತರು. ಏನು ಮಾತಾಡಿದರೋ ಕೇಳಿಸಲಿಲ್ಲ. ಕಾಕಾ ಎದ್ದು ಬಂದು ಸಹಿ ಹಾಕಿದರು.

ಓದುವವರಿಗೆ ಉಪಯೋಗ ಆಗಲಿ ಅಂತ ಹೇಳುತ್ತೇನೆ. ಜೀವ ಹೋದ ಕೂಡಲೇ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ, ಕಣ್ಣು ಒಣಗಬಾರದು. ತಲೆಯ ಕೆಳಗೆ ದಿಂಬು ಕೊಡಿ. ನೇತ್ರ ಭಂಡಾರದವರು ಮನೆಗೇ ಬರುತ್ತಾರೆ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮುಖ ಕೆಡುವುದಿಲ್ಲ. ವಯಸ್ಸಾದವರು, ಕನ್ನಡಕ ಹಾಕುವವರು, ಪೊರೆಯ ಆಪರೇಷನ್ ಆದವರು, ಸಕ್ಕರೆ ಕಾಯಿಲೆಯವರು ಎಲ್ಲರೂ ಕೊಡಬಹುದು. ರೇಬಿಸ್, ಎಚ್‌ಐವಿ, ಕಾಮಾಲೆ ಸೋಂಕಿನಿಂದ ತೀರಿದವರದ್ದು ತೆಗೆದುಕೊಳ್ಳಲ್ಲ. ಒಬ್ಬರ ಎರಡು ಕಣ್ಣಿನಿಂದ ಇಬ್ಬರಿಗೆ ನೋಟ ಬರಬಹುದು.

ಮಂಡ್ಯದ ಓದುಗ:

ನಮ್ಮ ತಂದೆಗೆ ಬಿಪಿ ಇದೆ. ಅವರು ಕೊಡಬಹುದಾ?

ಗಂಗಾವತಿ ನರ್ಸ್:

ಧಾರಾಳವಾಗಿ ಕೊಡಬಹುದು ಅಣ್ಣಾ. ಅವರಿಗೆ ನೂರು ವರ್ಷ ಆಯುಸ್ಸು ಇರಲಿ. ಮನೆಯವರಿಗೆಲ್ಲ ಮೊದಲೇ ಹೇಳಿಟ್ಟಿರಲಿ, ಅದೇ ಮುಖ್ಯ.

ಅಮ್ಮನ ಕಿರಿಯ ಮಗ:

ಎರಡು ದಿನದಿಂದ ಓದುತ್ತಿದ್ದೇನೆ.

ಮೇಷ್ಟ್ರೇ, ನೀವು ಕೇಳಿದಿರಿ. ಹೌದು, ಅಪ್ಪ ತೀರಿದ ವರ್ಷವೂ ಅವ್ವ ಒಲೆ ಹೂಡಿದಳು. ಹಸಿ ಕಟ್ಟಿಗೆ ತಂದಿಟ್ಟೀರಿ, ಕಣ್ಣಿಗೆ ಹೊಗೆ ಹೋಗುತ್ತದೆ ಅಂತ ಎಲ್ಲರ ಮುಂದೆ ನನಗೆ ಬೈದಳು. ಕಟ್ಟಿಗೆ ಒಣಗಿದ್ದವೇ ಆಗಿತ್ತು, ನಾನೇ ಕಡಿಸಿ ಒಣಗಿಸಿದ್ದೆ. ನಾನು ಏನೂ ಅನ್ನಲಿಲ್ಲ. ಮೂರು ದಿನ ಹೊಗೆಯ ನೆವದಲ್ಲಿ ಅತ್ತಳು. ಕೈ ಮಾತ್ರ ನಿಲ್ಲಲಿಲ್ಲ.

ಸೂತಕ, ಹಬ್ಬ, ಅದೆಲ್ಲ ನಾನು ಹೇಳಿದ ಮಾತು. ನಿಜ ಏನಂದರೆ ಆ ಅಂಗಳ ನೋಡಲು ನನ್ನಿಂದ ಆಗುತ್ತಿಲ್ಲ. ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗುತ್ತೇನೆ. ಎಂಟು ಒಲೆ ಹೂಡಿ ಏಳರಲ್ಲಿ ಬೆಂಕಿ ಕಂಡರೆ ಹೇಗೆ ತಡೆದುಕೊಳ್ಳಲಿ ಅಂತ.

ಹೂಡಿರಿ. ಜಾಲಿ ಕಟ್ಟಿಗೆ ಒಂದು ಗಾಡಿ ತರಿಸುತ್ತೇನೆ. ಅಲಾಯಿ ಕಟ್ಟೆಯ ತಂಗಿ, ನಿಮ್ಮನ್ನು ಕರೆಯುವುದು ಅಂತ ಏನಿದೆ. ಬನ್ನಿ.

ಹಿರೇಹಳ್ಳದ ಮೊಮ್ಮಗಳು:

ಕಾಕಾ. ಫೋನ್ ಮಾಡುತ್ತೇನೆ, ಎತ್ತಿರಿ.

ಎಲ್ಲರಿಗೂ ತಿಳಿಯಲಿ. ಎಳ್ಳಮಾಸಿಗೆ ಹೊಲದಲ್ಲಿ ಚರಗ (ಎಡೆಯ ಅಡುಗೆ) ಚೆಲ್ಲಿ ಬಂದ ಎರಡನೇ ದಿನ ಜೋಳ ಹಸನು ಮಾಡುವುದು. ಹಿಟ್ಟನ್ನು ಗಿರಣಿಗೆ ಹಾಕಿಸುವುದು ಮಾಮೂಲು, ಆದರೆ ಮೊದಲ ಸೇರು ಅಮ್ಮನ ಕಲ್ಲಿನಲ್ಲೇ ಬೀಸೋಣ ಅಂತ ಅವ್ವ ಹೇಳುತ್ತಾಳೆ. ಕಲ್ಲಿನ ಗೂಟ ಸಡಿಲಾಗಿದೆ, ಬಡಿಗೇರ ಮನೆಗೆ ಹೇಳಿದ್ದೇವೆ. ಏಳು ಒಲೆಗೆ ಜನ ಇದ್ದಾರೆ. ಎಂಟನೆಯದಕ್ಕೆ ಯಾರು?

ಓಣಿಯ ಸೊಸೆ:

ನನ್ನ ಮಗಳು ಕೂರುತ್ತೇನೆ ಅಂತಾಳೆ. ಆದರೆ ಅದು ಅಮ್ಮನ ಒಲೆ. ನೀವು ಹೇಳಿದ ಹಾಗೆ.

ಲಿಂಗಸೂಗೂರಿನ ಜೋಳದವನು:

ಒಂದು ಚೀಲ ಮಾಲದಂಡಿ ಎತ್ತಿಟ್ಟಿದ್ದೇನೆ. ಒಂದೇ ಚೀಲ. ಶನಿವಾರ ಕಳಿಸುತ್ತೇನೆ.

ಪ್ರಸಾದ ನಿಲಯದ ಹುಡುಗ:

ನಮ್ಮ ಬ್ಯಾಚಿನವರು ಹನ್ನೆರಡು ಜನ ಸೇರಿದ್ದೇವೆ. ಬುಟ್ಟಿ ಹೊರುವುದು, ಟ್ರ್ಯಾಕ್ಟರಿಗೆ ಏರಿಸುವುದು ನಮ್ಮದು. ಕೆಲವರ ಅವ್ವಂದಿರೂ ಬರುತ್ತೇವೆ ಅಂದಿದ್ದಾರೆ.

ದೊಡ್ಡ ಮಗಳು:

ಎಂಟನೇ ಒಲೆಗೆ ನಾನು ಬರುತ್ತೇನೆ. ಹಂಚು ತೊಳೆದಿಡಿ. ಮೊಣಕಾಲು ನೋವು, ನೆಲಕ್ಕೆ ಕೂರಲು ಒಂದು ಮಣೆ ಬೇಕು. ಓಣಿಯ ಸೊಸೆಯ ಮಗಳು ನನ್ನ ಪಕ್ಕ ಕೂರಲಿ, ಮಧ್ಯಾಹ್ನದ ಮೇಲೆ ಅವಳು ಬಡಿಯಲಿ.